ಫ್ರಿಂಜ್ ಯಾಕೆ ಸರಿಯಾಗಿ ಬರುತ್ತಿಲ್ಲ? ಫೈಬರ್ ಇಂಟರ್‌ಫೆರೋಮೀಟರ್‌ನಲ್ಲಿ ದೋಷ ಹುಡುಕುವ ಬಗೆ

ಲೇಸರ್ ಬೆಳಕನ್ನು ಎರಡು ದಾರಿಯಾಗಿ ಒಡೆದು ಮತ್ತೆ ಬೆರೆಸುವ ಫೈಬರ್ ಇಂಟರ್‌ಫೆರೋಮೀಟರ್ ಕಾಗದದ ಮೇಲೆ ಬಹಳ ಸುಲಭ. ಬೆಳಕನ್ನು ಹಂಚುವ, ಬೆರೆಸುವ ಎರಡು ಕಪ್ಲರ್, ನಡುವೆ ಎರಡು ತೋಳು ಅಂದರೆ ಎರಡು ಫೈಬರ್ ದಾರಿ, ಒಂದು ತುದಿಗೆ ಲೇಸರ್, ಇನ್ನೊಂದು ತುದಿಗೆ ಡಿಟೆಕ್ಟರ್. ಸ್ಪ್ಲೈಸ್ (ಫೈಬರ್ ತುದಿಗಳ ಬೆಸುಗೆ) ಎಲ್ಲ ಮುಗಿಸಿ ಲೇಸರ್ ಹಚ್ಚಿದರೆ ಸ್ಕೋಪಿನ (ಆಸಿಲ್ಲೋಸ್ಕೋಪ್) ಪರದೆಯ ಮೇಲೆ ದೊಡ್ಡದಾಗಿ ಏರಿಳಿಯುವ ಫ್ರಿಂಜ್, ಅಂದರೆ ಎರಡು ದಾರಿಯ ಬೆಳಕು ಬೆರೆತು ಮೂಡುವ ಅಲೆ, ಕಾಣಬೇಕು. ಕಾಣುವುದು ಮಾತ್ರ ಸಣ್ಣದೊಂದು ನಡುಕ. ಆಗ ಹೆಚ್ಚಿನವರ ಕೈ ನೇರವಾಗಿ ಸ್ಪ್ಲೈಸರ್ ಕಡೆ ಹೋಗುತ್ತದೆ. ಯಾವುದೋ ಜೋಡಣೆ ಕೆಟ್ಟಿದೆ ಎಂದುಕೊಂಡು ಕತ್ತರಿಸುತ್ತಾರೆ, ಮತ್ತೆ ಬೆಸೆಯುತ್ತಾರೆ. ಅಷ್ಟರಲ್ಲಿ ತೋಳಿನ ಉದ್ದವೇ ಬದಲಾಗಿರುತ್ತದೆ. ಇದ್ದ ಒಂದು ದೋಷದ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ.

ಸ್ಪ್ಲೈಸ್ ಕೆಟ್ಟರೆ ಬೆಳಕು ಕಡಿಮೆಯಾಗುತ್ತದೆ, ನಿಜ. ಆದರೆ ಫ್ರಿಂಜ್ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಬೆಳಕು ಕಡಿಮೆ ಇರುವುದು ಒಂದು ಕಾಯಿಲೆ, ಫ್ರಿಂಜ್ ಕಡಿಮೆ ಇರುವುದು ಇನ್ನೊಂದು. ಎರಡಕ್ಕೂ ಒಂದೇ ಮದ್ದು ಕೊಡುವುದರಿಂದಲೇ ದಿನಗಟ್ಟಲೆ ಹಾಳಾಗುವುದು.

ಕೆಳಗಿನ ಮಾತುಗಳು ಮುಖ್ಯವಾಗಿ ಮಾಕ್-ಜೆಂಡರ್ (ಮೇಲೆ ಹೇಳಿದ ಎರಡು ಕಪ್ಲರ್‌ನದು) ಮತ್ತು ಮೈಕೆಲ್ಸನ್ (ಒಂದೇ ಕಪ್ಲರ್, ತೋಳುಗಳ ತುದಿಗೆ ಕನ್ನಡಿ) ಜೋಡಣೆಗಳಿಗೆ. ಲೇಸರ್ 1550 ನ್ಯಾನೋಮೀಟರ್, ಫೈಬರ್ ಸಾಮಾನ್ಯ ಸಿಂಗಲ್ ಮೋಡ್ (ಬೆಳಕು ಒಂದೇ ಬಗೆಯಲ್ಲಿ ಸಾಗುವಂಥದ್ದು) ಎಂದು ಇಟ್ಟುಕೊಳ್ಳೋಣ. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಕನೆಕ್ಟರ್ ತುದಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಮುಂಚೆ ಲೇಸರ್ ಆರಿಸಿ. ಕತ್ತರಿಸಿದ ಫೈಬರ್ ಚೂರುಗಳಿಗೆ ಒಂದು ಮುಚ್ಚಳದ ಡಬ್ಬಿ ಇರಲಿ.

ಮೊದಲು ನಾಲ್ಕು ಅಳತೆ

ಏನನ್ನೂ ಬಿಚ್ಚುವ ಮುಂಚೆ ಒಂದು ಹಾಳೆ ತಗೊಳ್ಳಿ. ಲೇಸರ್ ಆರಿಸಿದಾಗ ಡಿಟೆಕ್ಟರ್ ಎಷ್ಟು ವೋಲ್ಟ್ ತೋರಿಸುತ್ತದೆ, ಬರೆದುಕೊಳ್ಳಿ. ಆಮೇಲೆ ಮೊದಲ ತೋಳು ಮಾತ್ರ ತೆರೆದಿದ್ದಾಗ ಎಷ್ಟು, ಎರಡನೆಯದು ಮಾತ್ರ ತೆರೆದಿದ್ದಾಗ ಎಷ್ಟು. ಕೊನೆಗೆ ಎರಡೂ ತೆರೆದು ಫ್ರಿಂಜ್ ಓಡಿಸಿ, ಅದರ ಗರಿಷ್ಠ ಮತ್ತು ಕನಿಷ್ಠ. ಫ್ರಿಂಜ್ ಓಡಿಸಲು ಪೀಜೋ ಸಿಲಿಂಡರ್ (ವೋಲ್ಟೇಜ್ ಕೊಟ್ಟರೆ ಹಿಗ್ಗಿ, ಸುತ್ತಿದ ಫೈಬರನ್ನು ಎಳೆಯುವ ಕೊಳವೆ) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಂಗೈಯನ್ನು ಒಂದು ತೋಳಿನ ಹತ್ತಿರ ಹಿಡಿದರೂ ಸಾಕು, ಆ ಬಿಸಿಗೇ ಫ್ರಿಂಜ್ ಸಾಲಾಗಿ ಓಡುತ್ತದೆ. ಸ್ಕೋಪ್ ಡಿಸಿ ಕಪ್ಲಿಂಗ್‌ನಲ್ಲಿ ಇರಲಿ. ಎಸಿಯಲ್ಲಿ ಇಟ್ಟರೆ ಸ್ಥಿರ ಮಟ್ಟವೇ ಕಾಣದೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ.

ತೋಳು ಮುಚ್ಚುವುದು ಹೇಗೆ? ಸಾಮಾನ್ಯ ಫೈಬರ್ ಆದರೆ ಪೆನ್ಸಿಲ್‌ಗೆ ನಾಲ್ಕೈದು ಸುತ್ತು ಸುತ್ತಿ. 1550ರ ಬೆಳಕು ಆ ಸುರುಳಿಯಲ್ಲೇ ಸೋರಿ ಹೋಗುತ್ತದೆ. ಅಳತೆ ಮುಗಿದ ತಕ್ಷಣ ಬಿಚ್ಚಿ, ಅಷ್ಟು ಸಣ್ಣ ಸುತ್ತಿನಲ್ಲಿ ಗಾಜನ್ನು ಹಾಗೇ ಬಿಡಬಾರದು. ಇಲ್ಲೊಂದು ಹಳ್ಳ ಇದೆ. ಫೈಬರ್ ಜಿ.657 ಜಾತಿಯದಾದರೆ, ಅಂದರೆ ಬಾಗಿದರೂ ಬೆಳಕು ಬಿಡದಂತೆ ಮಾಡಿದ್ದಾದರೆ, ಪೆನ್ಸಿಲ್ ಉಪಾಯವನ್ನು ನಂಬಬೇಡಿ. ತೋಳು ಮುಚ್ಚಿದೆ ಅಂದುಕೊಂಡಿರುತ್ತೀರಿ, ಅದು ಅರ್ಧ ತೆರೆದೇ ಇರುತ್ತದೆ. ಆಗ ಕನೆಕ್ಟರ್ ಬಿಚ್ಚುವುದೇ ದಾರಿ.

ಒಂದು ಉದಾಹರಣೆ ನೋಡೋಣ. ಲೇಸರ್ ಆರಿದಾಗ 0.02 ವೋಲ್ಟ್. ಒಂದು ತೋಳು 0.52, ಇನ್ನೊಂದು 0.32. ಎರಡೂ ತೆರೆದಾಗ ಗರಿಷ್ಠ 1.12, ಕನಿಷ್ಠ 0.52. ಎಲ್ಲದರಿಂದ 0.02 ಕಳೆಯಿರಿ. ತೋಳುಗಳು 0.50 ಮತ್ತು 0.30. ಫ್ರಿಂಜ್ 1.10ರಿಂದ 0.50ರವರೆಗೆ.

ಮೊದಲ ಪ್ರಶ್ನೆ: ಗರಿಷ್ಠ ಕನಿಷ್ಠಗಳ ನಡುಮಟ್ಟ ಎರಡು ತೋಳುಗಳ ಮೊತ್ತಕ್ಕೆ ಸಮ ಇದೆಯಾ? ಇಲ್ಲಿ ನಡುಮಟ್ಟ 0.80, ಮೊತ್ತವೂ 0.80. ಸರಿ ಇದೆ. ಅಂದರೆ ಡಿಟೆಕ್ಟರ್ ಸುಳ್ಳು ಹೇಳುತ್ತಿಲ್ಲ, ಲೇಸರ್ ಪವರ್ ಕೂಡ ಅಳತೆಯ ನಡುವೆ ಬದಲಾಗಿಲ್ಲ.

ಎರಡನೆಯ ಪ್ರಶ್ನೆ: ಈ ತೋಳುಗಳಿಗೆ ಎಷ್ಟು ವಿಸಿಬಿಲಿಟಿ (ಫ್ರಿಂಜ್ ಎಷ್ಟು ಆಳ ಎಂಬುದರ ಅಳತೆ, ಸೊನ್ನೆಯಿಂದ ಒಂದರವರೆಗೆ) ಸಿಗಬೇಕಿತ್ತು? ಎರಡು ತೋಳುಗಳ ಪವರ್ ಗುಣಿಸಿ, ವರ್ಗಮೂಲ ತೆಗೆದು, ಅದರ ಎರಡರಷ್ಟನ್ನು ಮೊತ್ತದಿಂದ ಭಾಗಿಸಿ. ಇಲ್ಲಿ 0.97 ಬರುತ್ತದೆ. ನಿಜವಾಗಿ ಸಿಕ್ಕಿದ್ದು ಎಷ್ಟು? ಗರಿಷ್ಠದಿಂದ ಕನಿಷ್ಠ ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ 0.375. ಬೆಳಕು ಪೂರ್ತಿ ಬಂದಿದೆ, ಆದರೆ ಒಂದರ ಜೊತೆ ಒಂದು ಬೆರೆಯುತ್ತಿಲ್ಲ. ಇಂಥ ಜೋಡಣೆಯ ಸ್ಪ್ಲೈಸ್ ಕತ್ತರಿಸಿ ಏನು ಸಿಗುತ್ತದೆ ಹೇಳಿ?

ತೋಳುಗಳ ಅಸಮತೋಲವನ್ನು ಜನ ವಿನಾಕಾರಣ ದೂರುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ತೋಳಿನಲ್ಲಿ 3 ಡಿಬಿ ಜಾಸ್ತಿ ನಷ್ಟ ಇದ್ದರೂ, ಅಂದರೆ ಪವರ್ ಅರ್ಧವೇ ಇದ್ದರೂ, ವಿಸಿಬಿಲಿಟಿ 0.94 ಸಿಗಬೇಕು. ನಾಲ್ಕನೇ ಒಂದು ಭಾಗಕ್ಕೆ ಇಳಿದರೂ 0.8. ಒಂಬತ್ತನೇ ಒಂದು ಭಾಗವಾದರೂ 0.6 ಇರುತ್ತದೆ. ಹಾಗಿರುವಾಗ 0.2 ಕಂಡರೆ ಅದು 0.5 ಡಿಬಿ ಸ್ಪ್ಲೈಸಿನ ಕೆಲಸ ಅಲ್ಲವೇ ಅಲ್ಲ.

ಕಪ್ಲರ್ ಮೇಲೆ ಅನುಮಾನ ಇದ್ದರೆ ಎರಡೂ ಔಟ್‌ಪುಟ್‌ಗಳ ವಿಸಿಬಿಲಿಟಿ ಅಳೆದು ಹೋಲಿಸಿ. ಎರಡು ಕಪ್ಲರ್‌ಗಳೂ 60:40 ಹಂಚಿಕೆಯವು ಎಂದುಕೊಳ್ಳಿ. ಒಂದು ಔಟ್‌ಪುಟ್‌ಗೆ ಎರಡೂ ದಾರಿಯಿಂದ ಸಮನಾದ ಬೆಳಕು ಬರುತ್ತದೆ, ಫ್ರಿಂಜ್ ಪೂರ್ತಿ ತಳ ಮುಟ್ಟುತ್ತದೆ. ಇನ್ನೊಂದಕ್ಕೆ 0.36 ಮತ್ತು 0.16 ಬರುತ್ತದೆ, ವಿಸಿಬಿಲಿಟಿ 0.92ಕ್ಕೆ ಇಳಿಯುತ್ತದೆ. ಒಂದು ಔಟ್‌ಪುಟ್ ಚೆನ್ನಾಗಿದ್ದು ಇನ್ನೊಂದು ಸೊರಗಿದ್ದರೆ ಕಪ್ಲರ್ ಹಂಚಿಕೆ ನೋಡಿ. ಎರಡೂ ಒಂದೇ ಸಮ ಸೊರಗಿದ್ದು, ತೋಳುಗಳ ಪವರ್‌ನಲ್ಲಿ ಅದಕ್ಕೆ ಕಾರಣ ಕಾಣದಿದ್ದರೆ ಮುಂದಿನ ಭಾಗಕ್ಕೆ ಬನ್ನಿ.

ಧ್ರುವೀಕರಣ: ಮೊದಲ ಆರೋಪಿ

ವಿಸಿಬಿಲಿಟಿ ಕಡಿಮೆ ಅಂದರೆ ನಾನು ಮೊದಲು ನೋಡುವುದು ಧ್ರುವೀಕರಣವನ್ನು, ಅಂದರೆ ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬುದನ್ನು. ಸಾಮಾನ್ಯ ಸಿಂಗಲ್ ಮೋಡ್ ಫೈಬರ್ ಬೆಳಕಿನ ಧ್ರುವೀಕರಣವನ್ನು ಕಾಪಾಡುವುದಿಲ್ಲ. ಪ್ರತಿ ಬಾಗು, ಪ್ರತಿ ತಿರುಚು, ಪ್ರತಿ ಒತ್ತಡ ಅದನ್ನು ಅಷ್ಟಿಷ್ಟು ತಿರುಗಿಸುತ್ತದೆ. ಎರಡು ತೋಳಿನ ಬೆಳಕು ಕೊನೆಯ ಕಪ್ಲರ್‌ನಲ್ಲಿ ಒಂದೇ ಧ್ರುವೀಕರಣದಲ್ಲಿ ಸಿಕ್ಕರೆ ಫ್ರಿಂಜ್ ಪೂರ್ತಿ. ಒಂದಕ್ಕೊಂದು ಲಂಬವಾಗಿ ಸಿಕ್ಕರೆ ಫ್ರಿಂಜ್ ಸೊನ್ನೆ, ಆದರೆ ಪವರ್ ಮೀಟರ್‌ನಲ್ಲಿ ಒಂದು ಚೂರೂ ಕೊರತೆ ಕಾಣುವುದಿಲ್ಲ. ಮೇಲಿನ ಉದಾಹರಣೆಯನ್ನೇ ತಗೊಂಡರೆ, 0.97 ಸಿಗಬೇಕಾದ ಕಡೆ 0.375 ಸಿಕ್ಕಿದೆ. ಎರಡೂ ಕಡೆ ಧ್ರುವೀಕರಣ ನೇರ ಗೆರೆಯಲ್ಲಿದೆ ಎಂದು ಭಾವಿಸಿದರೆ, ಅವುಗಳ ನಡುವೆ ಸುಮಾರು 67 ಡಿಗ್ರಿ ಕೋನ ಇದ್ದರೆ ಹೀಗಾಗುತ್ತದೆ.

ಪರೀಕ್ಷೆ ಸುಲಭ. ಒಂದು ತೋಳಿನಲ್ಲಿ ಮೂರು ಪ್ಯಾಡಲ್‌ಗಳ ಧ್ರುವೀಕರಣ ಕಂಟ್ರೋಲರ್ ಇರಬೇಕು. ಕಟ್ಟುವಾಗಲೇ ಅದಕ್ಕೆ ಬೇಕಾದಷ್ಟು ಫೈಬರ್ ಉಳಿಸಿಕೊಂಡಿರಿ, ಆಮೇಲೆ ತುರುಕಲು ಆಗುವುದಿಲ್ಲ. ಫ್ರಿಂಜ್ ಓಡುತ್ತಿರುವಾಗ ಒಂದು ಪ್ಯಾಡಲ್ ನಿಧಾನವಾಗಿ ತಿರುಗಿಸಿ. ಪರದೆಯ ಮೇಲೆ ಅಲೆಯ ಎತ್ತರ ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗುತ್ತದೆ, ನಡುಮಟ್ಟ ಮಾತ್ರ ಅಲ್ಲಾಡುವುದಿಲ್ಲ. ಹೀಗಾದರೆ ಆರೋಪಿ ಸಿಕ್ಕಿದ ಹಾಗೆ. ಅತಿ ಹೆಚ್ಚು ಎತ್ತರ ಬರುವ ಕಡೆ ನಿಲ್ಲಿಸಿ, ಎರಡನೆಯ ಪ್ಯಾಡಲ್‌ಗೆ ಹೋಗಿ, ಆಮೇಲೆ ಮೂರನೆಯದು, ಮತ್ತೆ ಮೊದಲನೆಯದು. ಒಂದೇ ಸುತ್ತಿನಲ್ಲಿ ಮುಗಿಯುವುದಿಲ್ಲ, ಎರಡು ಮೂರು ಸುತ್ತು ಬೇಕಾಗುತ್ತದೆ.

ಗರಿಷ್ಠ ಹುಡುಕುವುದಕ್ಕಿಂತ ಕನಿಷ್ಠ ಹುಡುಕುವುದು ನನಗೆ ಇಷ್ಟ. ಫ್ರಿಂಜ್ ಪೂರ್ತಿ ಮಾಯವಾಗುವ ಜಾಗ ಬಹಳ ಚೂಪಾಗಿರುತ್ತದೆ, ಗರಿಷ್ಠ ಮಾತ್ರ ಚಪ್ಪಟೆ. ಪ್ಯಾಡಲ್ ತಿರುಗಿಸಿ ಫ್ರಿಂಜನ್ನು ಸೊನ್ನೆಗೆ ತರಲು ಆಯಿತು ಅಂದರೆ ಕಂಟ್ರೋಲರ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದೂ ಗೊತ್ತಾಗುತ್ತದೆ. ಸೊನ್ನೆಗೆ ಬರುತ್ತದೆ, ಆದರೆ ಮೇಲೆ 0.5 ದಾಟುವುದಿಲ್ಲ ಎಂದರೆ ಧ್ರುವೀಕರಣದ ಜೊತೆ ಬೇರೆ ದೋಷವೂ ಇದೆ. ಅದು ಬಹುತೇಕ ಕೊಹೆರೆನ್ಸ್, ಅದರ ಮಾತು ಮುಂದಿನ ಭಾಗದಲ್ಲಿ.

ಪ್ಯಾಡಲ್ ತಿರುಗಿಸಿದರೂ ಏನೂ ಆಗುತ್ತಿಲ್ಲವೇ? ಸುರುಳಿಯ ಅಳತೆ ಮತ್ತು ಸುತ್ತಿನ ಸಂಖ್ಯೆ ಆ ತರಂಗದೂರಕ್ಕೆ ಹೊಂದುತ್ತದೆಯಾ ನೋಡಿ. ದಪ್ಪ ಕವಚದ ಪ್ಯಾಚ್ ಕಾರ್ಡ್ ಸುತ್ತಿದ್ದರೆ ತಿರುವು ಒಳಗಿನ ಗಾಜಿಗೆ ಸರಿಯಾಗಿ ತಲುಪುವುದಿಲ್ಲ, ಒಳಗಡೆ ಫೈಬರ್ ಸಡಿಲವಾಗಿ ಹೊರಳುತ್ತದೆ. ಮತ್ತೆ, ಧ್ರುವೀಕರಣ ಕಾಪಾಡುವ ಪಾಂಡಾ ಫೈಬರ್‌ನಲ್ಲಿ ಪ್ಯಾಡಲ್‌ಗೆ ಅರ್ಥವೇ ಇಲ್ಲ. ಅಲ್ಲಿ ದೋಷ ಇರುವುದು ಅಕ್ಷ ಸೇರಿಸುವುದರಲ್ಲಿ. ಒಂದು ತೋಳಿನ ಸ್ಪ್ಲೈಸ್ 90 ಡಿಗ್ರಿ ತಿರುಗಿ ಕೂತಿದ್ದರೆ ಸ್ಪ್ಲೈಸರ್ 0.02 ಡಿಬಿ ನಷ್ಟ ತೋರಿಸಿ ಶಹಬ್ಬಾಸ್ ಹೇಳುತ್ತದೆ, ಫ್ರಿಂಜ್ ಮಾತ್ರ ಇರುವುದಿಲ್ಲ.

ಇನ್ನೊಂದು ಲಕ್ಷಣ: ಬೆಳಿಗ್ಗೆ ಚೆನ್ನಾಗಿದ್ದ ವಿಸಿಬಿಲಿಟಿ ಮಧ್ಯಾಹ್ನಕ್ಕೆ ಇಳಿದಿದೆ, ಯಾರೂ ಮುಟ್ಟಿಲ್ಲ. ಇದು ಕೂಡ ಧ್ರುವೀಕರಣವೇ. ಫೈಬರ್ ಎಲ್ಲಿ ಮೇಜಿನ ಮೇಲೆ ಸಡಿಲವಾಗಿ ಬಿದ್ದಿದೆಯೋ ಅಲ್ಲೆಲ್ಲ ಟೇಪ್ ಹಾಕಿ ಮಲಗಿಸಿ. ಟೇಪ್ ಒತ್ತಬಾರದು, ಹಿಡಿದಿಟ್ಟರೆ ಸಾಕು.

ಉದ್ದದ ವ್ಯತ್ಯಾಸ ಮತ್ತು ಲೇಸರ್‌ನ ತಾಳ್ಮೆ

ಎರಡು ತೋಳಿನ ಉದ್ದದ ವ್ಯತ್ಯಾಸ ಲೇಸರ್‌ನ ಕೊಹೆರೆನ್ಸ್ ಉದ್ದಕ್ಕಿಂತ (ಬೆಳಕಿನ ಅಲೆ ಲಯ ತಪ್ಪದೆ ಉಳಿಯುವ ದೂರ) ತೀರ ಕಡಿಮೆ ಇರಬೇಕು. ಇದು ಎಲ್ಲರಿಗೂ ಗೊತ್ತು. ಆ ಉದ್ದ ಎಷ್ಟು ಎಂದು ಲೆಕ್ಕ ಹಾಕುವವರು ಕಡಿಮೆ. 2 ಮೆಗಾಹರ್ಟ್ಸ್ ಲೈನ್‌ವಿಡ್ತ್ (ಫ್ರೀಕ್ವೆನ್ಸಿಯ ಹರವು) ಇರುವ ಡಿಎಫ್‌ಬಿ ಲೇಸರ್‌ಗೆ, ಅಂದರೆ ಒಂದೇ ಮೋಡ್‌ನಲ್ಲಿ ಓಡುವ ಡಯೋಡ್ ಲೇಸರ್‌ಗೆ, ಫೈಬರ್ ಒಳಗೆ ಸುಮಾರು 32 ಮೀಟರ್. ಅಷ್ಟು ವ್ಯತ್ಯಾಸಕ್ಕೆ ವಿಸಿಬಿಲಿಟಿ 0.37ಕ್ಕೆ ಇಳಿಯುತ್ತದೆ, 3 ಮೀಟರ್ ವ್ಯತ್ಯಾಸಕ್ಕೆ ಇನ್ನೂ 0.91 ಇರುತ್ತದೆ. ಅಂದರೆ ಡಿಎಫ್‌ಬಿ ಹಾಕಿದವರು ಸೆಂಟಿಮೀಟರ್ ಲೆಕ್ಕ ಹಾಕಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಸಾಮಾನ್ಯ ಫ್ಯಾಬ್ರಿ-ಪೆರೋ ಡಯೋಡ್ ಹಾಕಿದ್ದರೆ ಕಥೆಯೇ ಬೇರೆ. ಅದರ ಸ್ಪೆಕ್ಟ್ರಮ್ 2 ನ್ಯಾನೋಮೀಟರ್ ಅಗಲ ಇದ್ದರೆ ಫೈಬರ್‌ನಲ್ಲಿ ಕೊಹೆರೆನ್ಸ್ ಉದ್ದ 1 ಮಿಲಿಮೀಟರಿಗೂ ಕಡಿಮೆ. ಅದೂ ಅಲ್ಲದೆ ಇದರಲ್ಲಿ ಹಲವು ಮೋಡ್‌ಗಳು ಒಟ್ಟಿಗೆ ಓಡುವುದರಿಂದ ಫ್ರಿಂಜ್ ಸತ್ತು, ಉದ್ದ ಇನ್ನಷ್ಟು ಹೆಚ್ಚಿಸಿದಾಗ ಮತ್ತೆ ಎದ್ದು ಬರುತ್ತದೆ. ತೋಳು ಕತ್ತರಿಸಿದ ಮೇಲೆ ಫ್ರಿಂಜ್ ಕೆಟ್ಟಿತು, ಇನ್ನೂ ಕತ್ತರಿಸಿದೆ ಚೆನ್ನಾಯಿತು ಎನ್ನುವ ವಿಚಿತ್ರ ದೂರಿನ ಮೂಲ ಇದು. ಅಗಲ ಸ್ಪೆಕ್ಟ್ರಮ್‌ನ ಎಸ್‌ಎಲ್‌ಡಿ ಡಯೋಡ್ ಆದರೆ, 40 ನ್ಯಾನೋಮೀಟರ್ ಅಗಲಕ್ಕೆ, ಫೈಬರ್‌ನಲ್ಲಿ ಸುಮಾರು 40 ಮೈಕ್ರೋಮೀಟರ್ ಅಷ್ಟೇ. ಕ್ಲೀವರ್ (ಫೈಬರ್ ಕತ್ತರಿಸುವ ಉಪಕರಣ) ಹಿಡಿದು ಅಲ್ಲಿಗೆ ತಲುಪಲು ಆಗುವುದಿಲ್ಲ. ದಾರಿಯ ಉದ್ದ ಹೊಂದಿಸಬಲ್ಲ ಡಿಲೇ ಲೈನ್ ಬೇಕೇ ಬೇಕು.

ಡ್ರೈವರ್ ಪೆಟ್ಟಿಗೆಯನ್ನೂ ಒಮ್ಮೆ ನೋಡಿ. ಕೆಲವು ಲೇಸರ್ ಮೂಲಗಳಲ್ಲಿ ‘ಕೊಹೆರೆನ್ಸ್ ಕಂಟ್ರೋಲ್’ ಎಂಬ ಸೌಲಭ್ಯ ಇರುತ್ತದೆ. ಅದು ಬೇಕಂತಲೇ ಲೈನ್‌ವಿಡ್ತ್ ಅಗಲ ಮಾಡುತ್ತದೆ. ಬೇರೆ ಕೆಲಸಕ್ಕೆ ಅದು ಉಪಕಾರಿ, ನಮಗೆ ಶತ್ರು. ಹಿಂದಿನ ಬಳಕೆದಾರರು ಆನ್ ಮಾಡಿ ಹೋಗಿದ್ದರೆ ನೀವು ಸುಮ್ನೆ ಫೈಬರ್ ಕತ್ತರಿಸುತ್ತಾ ಕೂರುತ್ತೀರಿ.

ನಿಜವಾದ ವ್ಯತ್ಯಾಸ ಎಷ್ಟಿದೆ ಎಂದು ಸ್ಕೇಲ್ ಹಿಡಿದು ಅಳೆಯಬೇಡಿ. ಕಪ್ಲರ್‌ನ ಲೋಹದ ಕೊಳವೆಯೊಳಗೆ ಎಷ್ಟು ಫೈಬರ್ ಇದೆ ಎಂದು ಯಾರಿಗೆ ಗೊತ್ತು? ಬೆಳಕನ್ನೇ ಕೇಳಿ. ತರಂಗದೂರ ಬದಲಿಸುತ್ತಾ ಹೋದರೆ ಫ್ರಿಂಜ್ ಬರುತ್ತದೆ. ಎರಡು ಫ್ರಿಂಜ್ ನಡುವಿನ ಅಂತರ ತರಂಗದೂರದ ವರ್ಗವನ್ನು 1.468 (ಫೈಬರ್‌ನ ವಕ್ರೀಭವನ ಸೂಚ್ಯಂಕ) ಮತ್ತು ಉದ್ದದ ವ್ಯತ್ಯಾಸದ ಗುಣಲಬ್ಧದಿಂದ ಭಾಗಿಸಿದಷ್ಟು. 1550ರಲ್ಲಿ 1 ಸೆಂಟಿಮೀಟರ್ ವ್ಯತ್ಯಾಸಕ್ಕೆ 0.16 ನ್ಯಾನೋಮೀಟರ್. 1 ಮಿಲಿಮೀಟರಿಗೆ 1.6. ಮೈಕೆಲ್ಸನ್‌ನಲ್ಲಿ ಬೆಳಕು ಹೋಗಿ ಬರುವುದರಿಂದ ಇದರ ಅರ್ಧ.

ಅಗಲ ಸ್ಪೆಕ್ಟ್ರಮ್‌ನ ಮೂಲ ಮತ್ತು ಸ್ಪೆಕ್ಟ್ರಮ್ ಅನಲೈಸರ್ ಇದ್ದರೆ ಈ ಏರಿಳಿತ ನೇರವಾಗಿ ಪರದೆಯ ಮೇಲೆ ಕಾಣುತ್ತದೆ. ಏನೂ ಕಾಣದಿದ್ದರೆ ಫ್ರಿಂಜ್ ಇಲ್ಲ ಎಂದು ತೀರ್ಮಾನಿಸಬೇಡಿ. ಅನಲೈಸರ್ 0.05 ನ್ಯಾನೋಮೀಟರ್‌ವರೆಗೆ ಮಾತ್ರ ಬಿಡಿಸಿ ತೋರಿಸುವುದಾದರೆ, ವ್ಯತ್ಯಾಸ 3 ಸೆಂಟಿಮೀಟರ್ ದಾಟಿದಾಗ ಫ್ರಿಂಜ್‌ಗಳು ಒಂದಕ್ಕೊಂದು ಅಂಟಿಕೊಂಡು ಚಪ್ಪಟೆ ಗೆರೆಯಾಗುತ್ತವೆ. ಅನಲೈಸರ್ ಇಲ್ಲದವರು ಡಿಎಫ್‌ಬಿ ಲೇಸರ್‌ನ ಉಷ್ಣಾಂಶ ಬದಲಿಸಿ ನೋಡಬಹುದು. ಒಂದು ಡಿಗ್ರಿಗೆ ಸುಮಾರು 0.1 ನ್ಯಾನೋಮೀಟರ್ ಸರಿಯುತ್ತದೆ. ಎಷ್ಟು ಫ್ರಿಂಜ್ ದಾಟಿತು ಎಂದು ಎಣಿಸಿದರೆ ವ್ಯತ್ಯಾಸ ಕೈಗೆ ಬರುತ್ತದೆ. ಎಣಿಸುವಾಗ ಫೈಬರ್ ತಣ್ಣಗೆ, ಅಲ್ಲಾಡದೆ ಇರಬೇಕು.

ಕಟ್ಟುವಾಗಿನ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪ್ರತಿ ಸಲ ಮತ್ತೆ ಕ್ಲೀವ್ ಮಾಡಿದಾಗ ಒಂದೆರಡು ಸೆಂಟಿಮೀಟರ್ ಫೈಬರ್ ಹೋಗುತ್ತದೆ. ಒಂದು ತೋಳಿನಲ್ಲಿ ಸ್ಪ್ಲೈಸ್ ಕೆಟ್ಟು ಮತ್ತೆ ಮಾಡಿದರೆ ಇನ್ನೊಂದು ತೋಳಿನಿಂದಲೂ ಅಷ್ಟೇ ತೆಗೆಯಬೇಕು. ಹಾಳೆಯಲ್ಲಿ ಬರೆದಿಟ್ಟುಕೊಳ್ಳದಿದ್ದರೆ ಇದು ಖಂಡಿತ ಮರೆತುಹೋಗುತ್ತದೆ.

ಕಳ್ಳ ಫ್ರಿಂಜ್

ಒಂದು ತೋಳು ಮುಚ್ಚಿದಾಗ ಫ್ರಿಂಜ್ ನಿಲ್ಲಬೇಕು. ನಿಲ್ಲದಿದ್ದರೆ ನೀವು ನೋಡುತ್ತಿರುವುದು ನಿಮ್ಮ ಇಂಟರ್‌ಫೆರೋಮೀಟರ್ ಅಲ್ಲ. ಎಲ್ಲೋ ಎರಡು ಕಡೆ ಬೆಳಕು ಪ್ರತಿಫಲಿಸಿ ತನ್ನಷ್ಟಕ್ಕೆ ಇನ್ನೊಂದು ಇಂಟರ್‌ಫೆರೋಮೀಟರ್ ಆಗಿಬಿಟ್ಟಿದೆ.

ಗಾಜು ಗಾಳಿ ಸೇರುವ ಕಡೆ ಸುಮಾರು 3.5 ಶೇಕಡಾ ಬೆಳಕು ಹಿಂದಕ್ಕೆ ಹೋಗುತ್ತದೆ. ಚಿಲ್ಲರೆ ಅನಿಸುತ್ತದೆ, ಅಲ್ವಾ? ಆದರೆ ಅಂಥ ಎರಡು ಮುಖಗಳು ಎದುರುಬದುರು ಇದ್ದರೆ ಹೊರಬರುವ ಪವರ್ 13 ಶೇಕಡಾದಷ್ಟು ಏರಿಳಿಯುತ್ತದೆ. ಫ್ರಿಂಜ್‌ನ ಲೆಕ್ಕದಲ್ಲಿ ಪವರ್ ಅಲ್ಲ, ಅದರ ವರ್ಗಮೂಲ ಆಟವಾಡುತ್ತದೆ. ಅದಕ್ಕೇ ಸಣ್ಣ ಪ್ರತಿಫಲನ ದೊಡ್ಡ ತೊಂದರೆ ಕೊಡುವುದು.

ಹುಡುಕಬೇಕಾದ ಜಾಗಗಳು ಕೆಲವೇ. ಮೊದಲು ಕನೆಕ್ಟರ್‌ಗಳ ಬಣ್ಣ ನೋಡಿ. ಹಸಿರು ಎಪಿಸಿ 8 ಡಿಗ್ರಿ ಓರೆ, ನೀಲಿ ಯುಪಿಸಿ ನೇರ. ಅಡಾಪ್ಟರ್‌ನಲ್ಲಿ ಎರಡೂ ಸಲೀಸಾಗಿ ಸೇರಿಕೊಳ್ಳುತ್ತವೆ, ಅದೇ ಅಪಾಯ. ಒಳಗೆ ಗಾಳಿಯ ಸಂದು ಉಳಿದು ಬೆಳಕು ಜಾಸ್ತಿ ನಷ್ಟವಾಗುತ್ತದೆ, ಪ್ರತಿಫಲನವೂ ಬರುತ್ತದೆ. ಆಮೇಲೆ ಕಪ್ಲರ್‌ನ ಬಳಸದ ತುದಿ ನೋಡಿ. ಅದನ್ನು ನೇರವಾಗಿ ಕ್ಲೀವ್ ಮಾಡಿ ಗಾಳಿಯಲ್ಲಿ ಬಿಟ್ಟಿದ್ದರೆ ಅದೇ ಒಂದು ಕನ್ನಡಿ. ಓರೆಯಾಗಿ ಕತ್ತರಿಸಿ, ಅಥವಾ ಗಾಜಿನಷ್ಟೇ ವಕ್ರೀಭವನ ಸೂಚ್ಯಂಕದ ಇಂಡೆಕ್ಸ್ ಜೆಲ್‌ನಲ್ಲಿ ಅದ್ದಿ. ತುದಿಯ ಹತ್ತಿರ ಸಣ್ಣ ಸುರುಳಿ ಸುತ್ತಿ ಅಲ್ಲೇ ಬೆಳಕನ್ನು ಸೋರಿಸಿದರೂ ಆಗುತ್ತದೆ. ಡಿಟೆಕ್ಟರ್‌ನ ಗಾಜಿನ ಕಿಟಕಿಯನ್ನು ಕೊನೆಯಲ್ಲಿ ನೋಡಿದರೂ ಪರವಾಗಿಲ್ಲ.

ಎರಡು ಪ್ರತಿಫಲನಗಳ ನಡುವಿನ ದೂರವನ್ನೂ ಲೆಕ್ಕ ಹಾಕಬಹುದು. 1 ಮೀಟರ್ ಪ್ಯಾಚ್ ಕಾರ್ಡಿನ ಎರಡು ತುದಿಯೂ ಕೆಟ್ಟಿದ್ದರೆ ಏರಿಳಿತ ಸುಮಾರು 100 ಮೆಗಾಹರ್ಟ್ಸ್‌ಗೆ ಒಮ್ಮೆ ಬರುತ್ತದೆ. ಲೇಸರ್ ಫ್ರೀಕ್ವೆನ್ಸಿ ಸರಿಸುತ್ತಾ ಅಂತರ ಅಳೆದರೆ ತಪ್ಪಿತಸ್ಥ ಕಾರ್ಡ್ ಯಾವುದೆಂದು ಉದ್ದದಿಂದಲೇ ಗೊತ್ತಾಗುತ್ತದೆ.

ಇನ್ನು ಹಿಂದಕ್ಕೆ ಹೋದ ಬೆಳಕು ಲೇಸರ್‌ನೊಳಗೆ ನುಗ್ಗಿದರೆ? ಆಗ ಫ್ರಿಂಜ್ ನಯವಾದ ಅಲೆಯಾಗಿ ಇರದೆ ಗರಗಸದ ಹಲ್ಲಿನಂತೆ ಒಂದು ಕಡೆಗೆ ವಾಲುತ್ತದೆ, ಅಥವಾ ನಡುವೆ ತಟಕ್ಕನೆ ಹಾರುತ್ತದೆ. ಇದನ್ನು ಖಚಿತ ಮಾಡಿಕೊಳ್ಳಲು ಎರಡೂ ಔಟ್‌ಪುಟ್‌ಗಳನ್ನು ಸ್ಕೋಪಿನ ಎರಡು ಚಾನೆಲ್‌ಗೆ ಕೊಡಿ. ಮಾಕ್-ಜೆಂಡರ್‌ನಲ್ಲಿ ಒಂದು ಏರಿದಾಗ ಇನ್ನೊಂದು ಅಷ್ಟೇ ಇಳಿಯಬೇಕು. ಎರಡು ಡಿಟೆಕ್ಟರ್‌ಗಳ ಗೇನ್ ಸಮ ಮಾಡಿಕೊಂಡರೆ ಮೊತ್ತ ನೇರ ಗೆರೆಯಾಗಿರಬೇಕು. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಅದು ವ್ಯತಿಕರಣ ಅಲ್ಲ, ಲೇಸರ್ ಪವರ್ ಹೊಯ್ದಾಡುತ್ತಿದೆ. ಲೇಸರ್ ಮುಂದೆ ಐಸೋಲೇಟರ್ (ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಸಾಧನ) ಹಾಕಿ. ಒಂದು ಹಂತದ್ದು ಸಾಮಾನ್ಯವಾಗಿ 30 ಡಿಬಿ ತಡೆಯುತ್ತದೆ. ಮೈಕೆಲ್ಸನ್‌ನಲ್ಲಿ ಕನ್ನಡಿಯಿಂದ ಮರಳಿದ ಬೆಳಕಿನ ದೊಡ್ಡ ಪಾಲು ಲೇಸರ್ ಕಡೆಗೇ ಬರುವುದರಿಂದ ಅಲ್ಲಿ ಎರಡು ಹಂತದ್ದೇ ಇರಲಿ ಎಂಬುದು ನನ್ನ ಅಭಿಪ್ರಾಯ.

ಡಿಟೆಕ್ಟರ್ ಹೇಳುವ ಸುಳ್ಳು

ನಡುಮಟ್ಟ ಮತ್ತು ತೋಳುಗಳ ಮೊತ್ತ ಹೊಂದದಿದ್ದರೆ ಮೊದಲು ಡಿಟೆಕ್ಟರ್ ನೋಡಿ. ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಡಯೋಡ್ 1550ರಲ್ಲಿ 1 ಮಿಲಿವ್ಯಾಟ್‌ಗೆ ಸುಮಾರು 1 ಮಿಲಿಆಂಪ್ ಕೊಡುತ್ತದೆ. ಮುಂದೆ 10 ಕಿಲೋಓಮ್ ಗೇನ್ ಇದ್ದರೆ ಅದು 10 ವೋಲ್ಟ್ ಆಗಬೇಕು. ಆಂಪ್ಲಿಫೈಯರ್‌ಗೆ ಇರುವುದೇ 5 ವೋಲ್ಟ್ ಸಪ್ಲೈ ಆದರೆ ಫ್ರಿಂಜ್‌ನ ತಲೆ ಕತ್ತರಿಸಿ ಹೋಗುತ್ತದೆ. ಒಂದೊಂದೇ ತೋಳು ತೆರೆದಾಗ ಎಲ್ಲ ಸರಿ ಕಾಣುತ್ತದೆ. ಎರಡೂ ಸೇರಿದಾಗ ಗರಿಷ್ಠವು ಒಂದು ತೋಳಿನ ನಾಲ್ಕರಷ್ಟು ಆಗುತ್ತದೆ ಎಂಬುದನ್ನು ಗೇನ್ ಇಡುವಾಗಲೇ ನೆನಪಿಡಬೇಕು.

ವೇಗದ ತೊಂದರೆ ಬೇರೆ ರೀತಿ ಕಾಣುತ್ತದೆ. ಪೀಜೋಗೆ ಜೋರಾಗಿ ಡ್ರೈವ್ ಕೊಟ್ಟಾಗ ಫ್ರಿಂಜ್ ಚಿಕ್ಕದಾಗಿ, ನಿಧಾನ ಮಾಡಿದಾಗ ದೊಡ್ಡದಾದರೆ, ಡಿಟೆಕ್ಟರ್‌ನ ಬ್ಯಾಂಡ್‌ವಿಡ್ತ್ ಸಾಲದು. ಡಿಜಿಟೈಸರ್ ನಿಧಾನವಾಗಿದ್ದರೆ ಇಲ್ಲದ ಆಕಾರಗಳೇ ಪರದೆಯ ಮೇಲೆ ಬರುತ್ತವೆ. ಸ್ಯಾಂಪಲ್ ದರ ಎರಡರಷ್ಟು ಮಾಡಿ ನೋಡಿ. ಆಕಾರ ಬದಲಾದರೆ ಹಳೆಯದು ಸುಳ್ಳು. ಸಿಲಿಕಾನ್ ಡಯೋಡ್ ಹಾಕಿ 1550 ಹುಡುಕುವವರಿಗೆ ಏನೂ ಸಿಗುವುದಿಲ್ಲ. ಅದರ ಕಣ್ಣು 1100ರ ಆಸುಪಾಸಿನಲ್ಲೇ ಮುಚ್ಚಿಕೊಳ್ಳುತ್ತದೆ.

ಬೆಳಕೇ ಕಡಿಮೆ ಇದ್ದರೆ

ಸ್ಪ್ಲೈಸರ್ ಪರದೆಯ ಮೇಲೆ ತೋರಿಸುವ ನಷ್ಟ ಅಳೆದದ್ದಲ್ಲ, ಚಿತ್ರ ನೋಡಿ ಮಾಡಿದ ಅಂದಾಜು. ಹಾಗಾಗಿ ಪವರ್ ಮೀಟರ್ ಇಡಿ. 1310 ಮತ್ತು 1550 ಎರಡರಲ್ಲೂ ಅಳೆಯಲು ಆದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. 1550ರಲ್ಲಿ ನಷ್ಟ ಜಾಸ್ತಿ, 1310ರಲ್ಲಿ ಕಡಿಮೆ ಇದ್ದರೆ ಎಲ್ಲೋ ಬಿಗಿಯಾದ ಬಾಗು ಇದೆ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇದ್ದರೆ ಸ್ಪ್ಲೈಸ್ ಅಥವಾ ಕನೆಕ್ಟರ್. ಆದರೆ ಜೋಡಣೆಯಲ್ಲಿ ಕಪ್ಲರ್ ಇದ್ದರೆ ಈ ಹೋಲಿಕೆ ನಡೆಯುವುದಿಲ್ಲ, ಅದರ ಹಂಚಿಕೆಯೇ ತರಂಗದೂರದ ಜೊತೆ ಬದಲಾಗುತ್ತದೆ. ತೋಳನ್ನು ಮಾತ್ರ ಬೇರ್ಪಡಿಸಿ ಅಳೆಯಿರಿ.

ಕೆಂಪು ಬೆಳಕಿನ ಫಾಲ್ಟ್ ಲೊಕೇಟರ್ ಕತ್ತಲೆ ಕೋಣೆಯಲ್ಲಿ ಒಳ್ಳೆಯ ಸಹಾಯಕ. ಮುರಿದ ಜಾಗ ಕೆಂಪಗೆ ಹೊಳೆಯುತ್ತದೆ. ಆದರೆ ಈ ಫೈಬರ್ ಕೆಂಪು ಬೆಳಕಿಗೆ ಸಿಂಗಲ್ ಮೋಡ್ ಅಲ್ಲ, ಒಳಗೆ ಹಲವು ಮೋಡ್‌ಗಳು ಓಡುತ್ತವೆ. ಒಳ್ಳೆಯ ಸ್ಪ್ಲೈಸ್ ಕೂಡ ಸ್ವಲ್ಪ ಮಿನುಗಬಹುದು. ಅಷ್ಟಕ್ಕೇ ಕತ್ತರಿಸಬೇಡಿ. ಇದೇ ಕಾರಣಕ್ಕೆ 1550ರ ಫೈಬರ್‌ಗೆ 633 ನ್ಯಾನೋಮೀಟರ್ ಹೀಲಿಯಂ-ನಿಯಾನ್ ಲೇಸರ್ ಹಾಕಿ ಫ್ರಿಂಜ್ ನೋಡುವ ಆಸೆಯೂ ಬೇಡ. ಮುಟ್ಟಿದರೆ ಮುನಿಯುವ ಫ್ರಿಂಜ್ ಬರುತ್ತದೆ, ಯಾವುದನ್ನೂ ನಂಬಲಾಗುವುದಿಲ್ಲ. ಮರಳಿ ಬರುವ ಬೆಳಕಿನಿಂದ ದೋಷದ ದೂರ ಹೇಳುವ ಓಟಿಡಿಆರ್ ಕೂಡ ಇಷ್ಟು ಚಿಕ್ಕ ತೋಳುಗಳಿಗೆ ಹೇಳಿದ್ದಲ್ಲ.

ಫ್ರಿಂಜ್ ಇದೆ, ನಿಲ್ಲುತ್ತಿಲ್ಲ

ಇದು ದೋಷವೇ ಎಂದು ಮೊದಲು ಕೇಳಿಕೊಳ್ಳಿ. 1550ರಲ್ಲಿ ಒಂದು ಮೀಟರ್ ಫೈಬರ್ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7 ಫ್ರಿಂಜ್ ದಾಟುತ್ತದೆ. ಮುಖ್ಯ ಕಾರಣ ಗಾಜು ಹಿಗ್ಗುವುದಲ್ಲ, ವಕ್ರೀಭವನ ಸೂಚ್ಯಂಕ ಬದಲಾಗುವುದು. ಎಳೆತಕ್ಕೂ ಅಷ್ಟೇ ಸೂಕ್ಷ್ಮ. ಒಂದು ಮೀಟರ್ ಫೈಬರ್ ಒಂದೇ ಒಂದು ಮೈಕ್ರೋಮೀಟರ್ ಹಿಗ್ಗಿದರೆ ಮುಕ್ಕಾಲು ಫ್ರಿಂಜ್ ಹೋಯಿತು. ಎರಡು ಮೀಟರ್ ತೋಳುಗಳ ನಡುವೆ ಡಿಗ್ರಿಯ ನೂರನೇ ಒಂದು ಭಾಗ ವ್ಯತ್ಯಾಸ ಬಂದರೂ ಪರದೆಯ ಮೇಲೆ ಕಾಣುತ್ತದೆ. ನಿಧಾನದ ಅಲೆದಾಟ ಇರುವುದೇ ಸಹಜ.

ಅದನ್ನು ಕಡಿಮೆ ಮಾಡಲು ಎರಡು ತೋಳುಗಳನ್ನು ಒಂದೇ ತಟ್ಟೆಯಲ್ಲಿ ಪಕ್ಕಪಕ್ಕ ಮಲಗಿಸಿ, ಮುಚ್ಚಳ ಹಾಕಿ. ಒಂದೇ ದಿಕ್ಕಿಗೆ ಸರಿಯುತ್ತಾ ಬರಬರುತ್ತಾ ನಿಧಾನವಾದರೆ ಏನೋ ತಣ್ಣಗಾಗುತ್ತಿದೆ ಎಂದರ್ಥ. ಸ್ಪ್ಲೈಸ್ ಮೇಲೆ ಆಗಷ್ಟೇ ಬಿಸಿ ಮಾಡಿ ಕುಗ್ಗಿಸಿದ ಕವಚ, ಒಣಗುತ್ತಿರುವ ಅಂಟು, ಪಕ್ಕದಲ್ಲಿ ಈಗ ಹಚ್ಚಿದ ಉಪಕರಣ. ಕಾಯುವುದೇ ಪರಿಹಾರ.

ವೇಗದ ನಡುಕ ಬೇರೆ. ಮೊದಲು ಡಿಟೆಕ್ಟರ್‌ಗೆ ಬೆಳಕು ಮುಚ್ಚಿ. 50 ಅಥವಾ 60 ಹರ್ಟ್ಸ್ ಹಾಗೇ ಉಳಿದರೆ ಅದು ವೈರಿಂಗ್ ದೋಷ, ಫೈಬರ್‌ಗೆ ಸಂಬಂಧವೇ ಇಲ್ಲ. ಬೆಳಕಿನ ಜೊತೆ ಬಂದು, ಒಂದು ತೋಳು ಮುಚ್ಚಿದಾಗ ಹೋದರೆ ಅದು ಕಂಪನ. ಮೇಜಿನ ಮೇಲಿನ ಉಪಕರಣಗಳ ಫ್ಯಾನ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ. ಎರಡು ಕಂಬಗಳ ನಡುವೆ ಬಿಗಿಯಾಗಿ ಎಳೆದ ಫೈಬರ್ ವಾದ್ಯದ ತಂತಿಯ ಹಾಗೆ ಮಿಡಿಯುತ್ತದೆ. ಸಡಿಲ ಬಿಟ್ಟು, ಫೋಮ್ ಮೇಲೆ ಸುತ್ತಿ ಮಲಗಿಸಿ. 3 ಮಿಲಿಮೀಟರ್ ಹಳದಿ ಕವಚದ ಕೇಬಲ್‌ಗಿಂತ 250 ಮೈಕ್ರೋಮೀಟರ್ ಲೇಪನದ ಬರಿ ಫೈಬರ್ ಒಳ್ಳೆಯದು.

ಸೆನ್ಸರ್ ಮಾಡುವವರ ಒಂದು ದೂರು ಪದೇಪದೇ ಕೇಳಿಬರುತ್ತದೆ. ಸಿಗ್ನಲ್ ಇದ್ದಕ್ಕಿದ್ದಂತೆ ಮಾಯವಾಗಿ, ಸ್ವಲ್ಪ ಹೊತ್ತಿಗೆ ತಾನೇ ವಾಪಸ್ ಬರುತ್ತದೆ. ಲೂಸ್ ಕನೆಕ್ಷನ್ ಅಲ್ಲ ಇದು. ಫ್ರಿಂಜ್‌ನ ಇಳಿಜಾರಿನ ನಡುವೆ ಇದ್ದಾಗ ಸಣ್ಣ ಫೇಸ್ ಬದಲಾವಣೆಗೂ ದೊಡ್ಡ ಸಿಗ್ನಲ್, ತುತ್ತತುದಿಯಲ್ಲಿ ಇದ್ದಾಗ ಸೊನ್ನೆ. ಉಷ್ಣಾಂಶದ ಅಲೆದಾಟ ನಿಮ್ಮನ್ನು ಅಲ್ಲಿಂದ ಇಲ್ಲಿಗೆ ತಳ್ಳುತ್ತಿದೆ. ಪೀಜೋ ಸಿಲಿಂಡರ್‌ಗೆ ಫೀಡ್‌ಬ್ಯಾಕ್ ಕೊಟ್ಟು ನಡುವಿನಲ್ಲಿ ಹಿಡಿದಿಡಿ. ಇಲ್ಲವೇ ಕೊನೆಯ ಕಪ್ಲರ್ ಬದಲು ಮೂರಕ್ಕೆ ಮೂರು ತುದಿಯದು ಹಾಕಿ. ಅದರ ಮೂರು ಔಟ್‌ಪುಟ್‌ಗಳ ನಡುವೆ 120 ಡಿಗ್ರಿ ಅಂತರ ಇರುವುದರಿಂದ ಒಂದು ಸತ್ತಾಗ ಇನ್ನೊಂದು ಬದುಕಿರುತ್ತದೆ.

ಮೈಕೆಲ್ಸನ್ ಮತ್ತು ಸ್ಯಾಗ್ನಾಕ್‌ಗೆ ಎರಡು ಮಾತು

ಮೈಕೆಲ್ಸನ್‌ನಲ್ಲಿ ಸಾದಾ ಕನ್ನಡಿಯ ಬದಲು ಎರಡೂ ತುದಿಗೆ ಫ್ಯಾರಡೆ ರೊಟೇಟರ್ ಕನ್ನಡಿ ಹಾಕಿದರೆ ಧ್ರುವೀಕರಣದ ಕಾಟ ಬಹುಪಾಲು ತಪ್ಪುತ್ತದೆ. ಹೋಗುವಾಗ 45, ಬರುವಾಗ 45 ಡಿಗ್ರಿ ತಿರುಗಿ, ದಾರಿಯಲ್ಲಿ ಫೈಬರ್ ಮಾಡಿದ ಕಿತಾಪತಿಯೆಲ್ಲ ರದ್ದಾಗುತ್ತದೆ. ಅವನ್ನು ಹಾಕಿದ ಮೇಲೂ ಫ್ರಿಂಜ್ ಕಡಿಮೆ ಇದ್ದರೆ ಪ್ಯಾಡಲ್ ಹುಡುಕಬೇಡಿ. ಕನ್ನಡಿ ನಿಮ್ಮ ತರಂಗದೂರಕ್ಕೆ ಮಾಡಿದ್ದೇ ನೋಡಿ. 1310ರ ಕನ್ನಡಿ 1550ರಲ್ಲಿ 45 ಡಿಗ್ರಿ ತಿರುಗಿಸುವುದಿಲ್ಲ.

ಸ್ಯಾಗ್ನಾಕ್ ಸುರುಳಿಯಲ್ಲಿ ಎರಡೂ ಬೆಳಕು ಒಂದೇ ಫೈಬರ್‌ನಲ್ಲಿ ಎದುರುಬದುರು ಓಡುತ್ತವೆ. ಉದ್ದದ ವ್ಯತ್ಯಾಸದ ಪ್ರಶ್ನೆಯೇ ಇಲ್ಲ, ನಿಧಾನದ ಉಷ್ಣ ಅಲೆದಾಟವೂ ಬಹಳ ಕಡಿಮೆ. 1976ರಲ್ಲಿ ವಾಲಿ ಮತ್ತು ಶಾರ್ಟ್‌ಹಿಲ್ ತೋರಿಸಿದ ಫೈಬರ್ ಗೈರೋ ನಿಂತಿರುವುದು ಇದರ ಮೇಲೆಯೇ. ದೋಷ ಹುಡುಕುವವರಿಗೂ ಈ ಸುರುಳಿ ಒಂದು ಸಾಧನ. ಕಪ್ಲರ್‌ನ ಹಂಚಿಕೆ ಮೇಲೆ ಅನುಮಾನ ಇದೆಯೇ? ಅದರ ಎರಡು ಔಟ್‌ಪುಟ್ ತುದಿಗಳನ್ನು ಒಂದಕ್ಕೊಂದು ಬೆಸೆದು, ಸುರುಳಿಯಲ್ಲಿ ಪ್ಯಾಡಲ್ ಇಟ್ಟು, ಬಳಸದ ಇನ್‌ಪುಟ್ ತುದಿಗೆ ಡಿಟೆಕ್ಟರ್ ಜೋಡಿಸಿ. ಪ್ಯಾಡಲ್ ತಿರುಗಿಸಿ ಆ ತುದಿಯ ಪವರನ್ನು ಕನಿಷ್ಠಕ್ಕೆ ತನ್ನಿ. ಕಪ್ಲರ್ ನಿಖರವಾಗಿ 50:50 ಇದ್ದರೆ ಅಲ್ಲಿ ಕತ್ತಲೆ, ಬೆಳಕೆಲ್ಲ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಆದ್ದರಿಂದ ಲೇಸರ್ ಮುಂದೆ ಐಸೋಲೇಟರ್ ಇಲ್ಲದೆ ಈ ಪರೀಕ್ಷೆ ಮಾಡಬೇಡಿ. ಹಂಚಿಕೆ 55:45 ಆಗಿದ್ದರೆ ಒಳಗೆ ಕೊಟ್ಟ ಬೆಳಕಿನ 1 ಶೇಕಡಾ ಆ ತುದಿಗೆ ಬರುತ್ತದೆ, 60:40 ಆಗಿದ್ದರೆ 4 ಶೇಕಡಾ. ನಡುವೆ ಕನೆಕ್ಟರ್ ಯಾವುದೂ ಇಲ್ಲದ್ದರಿಂದ ಅದರ ಏರುಪೇರು ಈ ಅಳತೆಗೆ ಅಂಟಿಕೊಳ್ಳುವುದಿಲ್ಲ.